ಹೊತ್ತಿಗೆ ಮುಂಚೆ ಹಚ್ಚಿದ ದೀಪ

ಎರಡು ರಾಜ್ಯಗಳ ನಡುವೆ ಒಂದು ಗಡಿಕಲ್ಲು. ಕಲ್ಲಿನ ಈಚೆ ಗುರುಗಳ ಆಶ್ರಮ, ಆಚೆ ದ್ಯಾವಮ್ಮನ ಮನೆ. ರಾಜರು ಎಷ್ಟು ಸಲ ಕಾದಾಡಿದರೂ ಕಲ್ಲು ಮಾತ್ರ ಇದ್ದಲ್ಲೇ ಇತ್ತು.

ಆಶ್ರಮದಲ್ಲಿ ಹಾಲಿಗೆ ಹೆಪ್ಪು ಹಾಕುವ ಕೆಲಸ ಶಿಷ್ಯ ಕೇತಯ್ಯನದು. ಹಿಂದಿನ ವರ್ಷ ಅವನ ಅಣ್ಣ ಆಚೆಯ ರಾಜ್ಯದವರೊಡನೆ ನಡೆದ ಯುದ್ಧದಲ್ಲಿ ಸತ್ತಿದ್ದ.

ಒಂದು ಸಂಜೆ ದ್ಯಾವಮ್ಮ ಬಟ್ಟಲು ಹಿಡಿದು ಕಲ್ಲು ದಾಟಿ ಬರುವುದನ್ನು ಕೇತಯ್ಯ ನೋಡಿದ. ಹೊತ್ತು ಇನ್ನೂ ಮರದ ಮೇಲಿತ್ತು. ಅವನು ಒಳಗೆ ಓಡಿಹೋಗಿ ದೀಪ ಹಚ್ಚಿದ.

"ಮನೇಲಿ ಹೆಪ್ಪು ಕೆಟ್ಟುಹೋಯ್ತು ಕಣಪ್ಪ. ಕಾಸಿದ ಹಾಲು ಹಾಗೇ ಇದೆ. ಒಂದು ಚೂರು ಮೊಸರು ಕೊಡ್ತೀಯಾ?"

"ದೀಪ ಹಚ್ಚಿ ಆಯ್ತಲ್ಲಮ್ಮ. ದೀಪ ಹಚ್ಚಿದ ಮೇಲೆ ಮನೆಯಿಂದ ಮೊಸರು ಆಚೆ ಕೊಡಬಾರದು. ನಿಮಗೂ ಗೊತ್ತು."

ಮುದುಕಿ ದೀಪ ನೋಡಿದಳು, ಆಕಾಶ ನೋಡಿದಳು. "ಹೌದಪ್ಪ" ಎಂದು ಹಿಂದಿರುಗಿದಳು. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರೆ. ಕೇತಯ್ಯನಿಗೆ ದೀಪವೇ ನೆವವಾಯಿತು.

ಜಗಲಿಯ ಮೇಲೆ ಕೂತಿದ್ದ ಗುರುಗಳು ಇದನ್ನೆಲ್ಲ ನೋಡಿದರು.

"ಇವತ್ತು ದೀಪ ಬೇಗ ಹಚ್ಚಿದೆಯಲ್ಲ."

ಕೇತಯ್ಯ ಸುಳ್ಳು ಹೇಳಲಿಲ್ಲ. "ಅವರ ಕಡೆಯವರು ನನ್ನ ಅಣ್ಣನನ್ನ ಕೊಂದರು, ಗುರುಗಳೇ. ಈ ಕೈಯಿಂದ ಅವರಿಗೆ ಕೊಡೋಕೆ ಆಗಲ್ಲ." ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ.

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಿದರು. ಅಳು ನಿಂತ ಮೇಲೆ ಹೇಳಿದರು:

"ನೀನು ಇಲ್ಲಿಗೆ ಬರೋಕೆ ಮುಂಚೆ ಒಂದು ಸಲ ಬೆಕ್ಕು ನಮ್ಮ ಮೊಸರಿನ ಗಡಿಗೆ ಉರುಳಿಸಿತ್ತು. ಹೆಪ್ಪಿಗೆ ತೊಟ್ಟೂ ಉಳಿಯಲಿಲ್ಲ. ದ್ಯಾವಮ್ಮನ ಮನೆಗೆ ಹೊರಟೆ. ಗಡಿಕಲ್ಲಿನ ಹತ್ತಿರ ಕಾಲೇ ಏಳಲಿಲ್ಲ."

"ಯಾಕೆ?"

"ಆಯಮ್ಮನ ಮಗ ನಮ್ಮವರ ಬಾಣಕ್ಕೆ ಸತ್ತು ಒಂದು ತಿಂಗಳಾಗಿತ್ತು. ಹೋಗಲೋ ಬೇಡವೋ ಅಂತ ನಿಂತೇ ಇದ್ದೆ. ಕತ್ತಲಾಯ್ತು. ಆಯಮ್ಮ ಹೊಸ್ತಿಲಲ್ಲಿ ಕೂತು ನನ್ನನ್ನೇ ನೋಡ್ತಾ ಇದ್ದಳು."

"ಅಷ್ಟು ಹೊತ್ತಾದ ಮೇಲೆ ಹೆಪ್ಪು ಸಿಕ್ಕಿತಾ?"

"ಸಿಕ್ಕಿತು. ನಾನು ಅಲ್ಲಿಗೆ ಹೋಗೋ ತನಕ ಆಯಮ್ಮ ದೀಪವನ್ನೇ ಹಚ್ಚಿರಲಿಲ್ಲ."

ಕೇತಯ್ಯ ಗಡಿಕಲ್ಲಿನ ಕಡೆ ನೋಡಿದ. ಆಮೇಲೆ ಎದ್ದು ಒಳಗೆ ಹೋಗಿ ಬಟ್ಟಲು ತುಂಬ ಮೊಸರು ತಂದ. ಬಾಗಿಲಲ್ಲಿ ನಿಂತುಬಿಟ್ಟ.

"ನಾನು ಹಚ್ಚಿದ ದೀಪ ಉರೀತಾ ಇದೆಯಲ್ಲ, ಗುರುಗಳೇ. ಅದನ್ನೇನು ಮಾಡಲಿ?"

"ಅದನ್ನೂ ತಗೊಂಡು ಹೋಗು, ಮಗು. ಆಯಮ್ಮ ಮಗನ ಮಾತು ತೆಗೀತಾಳೆ, ನೀನು ಅಣ್ಣನ ಮಾತು ತೆಗೀತೀಯ. ವಾಪಸ್ ಬರೋಷ್ಟರಲ್ಲಿ ಕತ್ತಲಾಗಿರುತ್ತೆ."