ತೆಗೆಯದ ನೀಲಿ ಗಾಡಿ

“ಜವಳಿ ಅಂಗಡಿಯಲ್ಲಿ ಅರ್ಧ ಪಾಲು ನನ್ನದು, ಗುರುಗಳೇ. ಅಪ್ಪ ಕೂರುತ್ತಿದ್ದ ಗಾದಿಯನ್ನು ನನ್ನ ತಮ್ಮ ಕಿತ್ತೆಸೆದು ಗಾಜಿನ ಕಪಾಟು ನಿಲ್ಲಿಸಿದ. ಅಂದಿನಿಂದ ನಾನು ಆ ಹೊಸಿಲು ತುಳಿದಿಲ್ಲ. ನನ್ನ ಸಿಟ್ಟು ನ್ಯಾಯವೋ ಅಲ್ಲವೋ, ಅಷ್ಟು ಹೇಳಿ” ಎಂದ ಶಿಷ್ಯ.

ಗುರುಗಳು ಹೇಳಿದರು:

ಒಬ್ಬ ಫೋಟೋಗ್ರಾಫರ್ ಇದ್ದ. ಮುಖ್ಯ ರೈಲು ಮಾರ್ಗದ ಒಂದು ತಿರುವಿನಲ್ಲಿ ನಿಂತು ದಿನವೂ ಎಕ್ಸ್‌ಪ್ರೆಸ್ ಗಾಡಿಯ ಚಿತ್ರ ತೆಗೆಯುತ್ತಿದ್ದ. ಆಗ ಗಾಡಿಗೆ ಇಟ್ಟಿಗೆ ಕೆಂಪು ಬಣ್ಣ. ಆ ಕೆಂಪೆಂದರೆ ಅವನಿಗೆ ಪ್ರಾಣ. ಒಂದು ವರ್ಷ ಇಲಾಖೆಯವರು ಅದಕ್ಕೆ ನೀಲಿ ಬಳಿದರು. ಅವನಿಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೂ ಅವನು ತಿರುವಿಗೆ ಬರುವುದನ್ನು ಬಿಡಲಿಲ್ಲ. ಎಲ್ಲಾದರೂ ಒಂದು ಹಳೆಯ ಕೆಂಪು ಬೋಗಿ ಸೇರಿಕೊಂಡು ಬಂದರೆ ಅದೊಂದನ್ನೇ ತೆಗೆಯುತ್ತಿದ್ದ. ಪೂರಾ ನೀಲಿ ಗಾಡಿ ಬಂದರೆ ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ.

ಅದೇ ತಿರುವಿಗೆ ಬರುತ್ತಿದ್ದ ಅವನ ಗೆಳೆಯ ಎರಡನ್ನೂ ತೆಗೆಯುತ್ತಿದ್ದ. “ಬೆನ್ನು ತೋರಿಸಿದರೆ ಗಾಡಿಗೇನು ನಾಚಿಕೆಯೇ? ಬಂದದ್ದನ್ನು ತೆಗೆಯಯ್ಯಾ” ಎಂದ.

“ಆ ಬಳಿದ ಮೂತಿಗೆ ನನ್ನ ರೀಲು ದಂಡ ಮಾಡಲೇ? ನಿನಗೇನು, ಎಮ್ಮೆಗೆ ಬಣ್ಣ ಹಚ್ಚಿ ನಿಲ್ಲಿಸಿದರೂ ತೆಗೆಯುತ್ತೀ.”

“ಎಮ್ಮೆ ಈ ವೇಗದಲ್ಲಿ ಓಡಲಿ, ಖಂಡಿತ ತೆಗೆಯುತ್ತೇನೆ.”

ಅವನು ಗೆಳೆಯನೊಂದಿಗೂ ಮಾತು ಬಿಟ್ಟ.

ವರ್ಷಗಳು ಕಳೆದವು. ನೀಲಿಯೂ ಹೋಯಿತು, ಮೂರನೆಯ ಬಣ್ಣ ಬಂತು. ಆಗ ಒಬ್ಬ ಪ್ರಕಾಶಕ ಅವನ ಮನೆಗೆ ಬಂದ. “ಈ ಗಾಡಿಯ ಬಣ್ಣಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡುತ್ತೇನೆ. ಮುಖಪುಟದ ಮೇಲೆ ನಿಮ್ಮೊಬ್ಬರದೇ ಹೆಸರು. ಆದರೆ ಒಂದು ಬಣ್ಣವೂ ಬಿಟ್ಟುಹೋಗಬಾರದು.”

ಜೀವಮಾನವಿಡೀ ಅವನು ಕಾದದ್ದು ಇದಕ್ಕೇ. ಪೆಟ್ಟಿಗೆ ತೆರೆದು ಕೆಂಪು ಗಾಡಿಗಳನ್ನು ರಾಶಿ ಹಾಕಿದ. ಅಂಥ ಚಿತ್ರಗಳು ಬೇರೆ ಯಾರ ಬಳಿಯೂ ಇರಲಿಲ್ಲ.

“ನೀಲಿ?” ಎಂದ ಪ್ರಕಾಶಕ.

ಅವನು ಸಿಡಿದೆದ್ದ. “ಅದೂ ಒಂದು ಬಣ್ಣವೇ? ಗಾಡಿಯ ಮಾನ ಕಳೆದ ಬಣ್ಣ ಅದು!”

“ಬಣ್ಣ ಹೇಗಿತ್ತೆಂದು ನಾನು ಕೇಳಲಿಲ್ಲ, ಸ್ವಾಮಿ. ಚಿತ್ರ ಇದೆಯೇ ಎಂದು ಕೇಳಿದೆ.”

ಇರಲಿಲ್ಲ. ತೆಗೆಯೋಣವೆಂದರೆ ಹಳಿಯ ಮೇಲೆ ನೀಲಿ ಬೋಗಿ ಒಂದೂ ಉಳಿದಿರಲಿಲ್ಲ. ಗೆಳೆಯನನ್ನು ಕೇಳಲು ಬಾಯಿ ಬರಲಿಲ್ಲ. ಪ್ರಕಾಶಕನೇ ಹುಡುಕಿಕೊಂಡು ಆ ಗೆಳೆಯನ ಮನೆಗೆ ಹೋದ. ಅವನ ಕೆಂಪು ಚಿತ್ರಗಳು ಸುಮಾರಾಗಿದ್ದವು, ನೀಲಿಯವು ಇನ್ನೂ ಸುಮಾರು. ಆದರೆ ಎಲ್ಲವೂ ಇದ್ದವು. ಪುಸ್ತಕ ಅಚ್ಚಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಇದೆಂಥ ಅನ್ಯಾಯ! ಆ ಕೆಂಪು ನಿಜಕ್ಕೂ ಚೆಂದವಿತ್ತಲ್ಲ? ಅವನ ಸಿಟ್ಟಿನಲ್ಲಿ ತಪ್ಪೇನು?”

“ತಪ್ಪೇನೂ ಇಲ್ಲ” ಎಂದರು ಗುರುಗಳು. “ಬಣ್ಣ ಚೆಂದವಿತ್ತು, ಸಿಟ್ಟು ನ್ಯಾಯವಾಗಿತ್ತು; ಎರಡೂ ಸೇರಿ ಗಳಿಸಿಕೊಟ್ಟದ್ದು, ಇನ್ನೊಬ್ಬನ ಹೆಸರಿನ ಒಂದು ಪುಸ್ತಕ.”