ಕಿಡಿಗಳು ಪ್ರದಕ್ಷಿಣೆ ಹಾಕಿದ್ದು

ಭೂಮಿಯನ್ನು ಉಂಡೆ ಕಟ್ಟಿದ ದೇವರ ಅಂಗೈಯಲ್ಲಿ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ, ಮಗೂ. ಆಗ ಇಡೀ ಭೂಮಿಗೆ ಇದ್ದದ್ದು ಒಂದೇ ಒಂದು ಚಿಗುರು. ಎರಡೇ ಎಲೆ. ಅದು ಸುಟ್ಟುಹೋದರೆ ಕಾಡಿಲ್ಲ, ಹಕ್ಕಿಯಿಲ್ಲ, ನೀನೂ ಇಲ್ಲ, ನಾನೂ ಇಲ್ಲ.

ಭೂಮಿಯ ಹೊಟ್ಟೆಯೊಳಗೆ ಕಾಂತಮ್ಮ ಕೂತಿದ್ದಳು. ಕರಗಿದ ಕಬ್ಬಿಣವನ್ನು ಬೆಲ್ಲದ ಪಾಕದಂತೆ ಕದಡುವುದೇ ಅವಳ ಕೆಲಸ. ಕದಡಿದಂತೆಲ್ಲ ಕಣ್ಣಿಗೆ ಕಾಣದ ಎಳೆಗಳು ಭೂಮಿಯ ಒಂದು ತುದಿಯಿಂದ ಎದ್ದು, ಆಕಾಶದಲ್ಲಿ ಬಾಗಿ, ಇನ್ನೊಂದು ತುದಿಯಲ್ಲಿ ಇಳಿಯುತ್ತಿದ್ದವು.

ಒಂದು ದಿನ ಗಾಳಿ ಏದುಸಿರು ಬಿಡುತ್ತಾ ಓಡಿಬಂತು.

"ಕಾಂತಮ್ಮಾ, ಕೆಟ್ಟೆವು! ಸೂರ್ಯಪ್ಪನ ಮನೆಯಿಂದ ಕಿಡಿಮಕ್ಕಳು ಹೊರಟಿದ್ದಾರೆ. ಮೈತುಂಬ ವಿದ್ಯುತ್ತು. ಚಿಗುರನ್ನು ಮುಟ್ಟಿ ನೋಡಬೇಕಂತೆ!"

"ಅಯ್ಯೋ, ಅವರು ಮುಟ್ಟಿದರೆ ಉಳಿಯುತ್ತಾ ಅದು!"

"ಬೇಗ ಬಾಗಿಲು ಹಾಕಮ್ಮ!"

"ಆ ಶಕ್ತಿಯನ್ನ ದೇವರು ನನಗೆ ಕೊಟ್ಟಿಲ್ಲಪ್ಪ. ಅವರ ಓಟ ನಿಲ್ಲಿಸಲಾರೆ, ನಿಧಾನ ಮಾಡಲಾರೆ. ಓಡುವವರನ್ನ ಪಕ್ಕಕ್ಕೆ ತಿರುಗಿಸಬಲ್ಲೆ."

"ಅಷ್ಟೇನಾ?" ಗಾಳಿಗೆ ಅಳುವೇ ಬಂತು.

ಕಾಂತಮ್ಮ ಕಣ್ಣು ಮುಚ್ಚಿದಳು. "ಅವನು ಕೊಟ್ಟದ್ದು ಸಾಲದೆ ಹೋಗುವುದುಂಟೇ?"

ಮೊದಲು ಬಂದವಳು ಬೆಳಕು, ಕಿಡಿಗಳ ಅಕ್ಕ. ಅವಳ ಮೈಯಲ್ಲಿ ವಿದ್ಯುತ್ತಿರಲಿಲ್ಲ. ಎಳೆಗಳ ನಡುವೆ ನೇರ ನಡೆದುಬಂದು ಚಿಗುರಿನ ತಲೆ ಸವರಿದಳು.

ಹಿಂದೆಯೇ ಕಿಡಿಗಳು ನುಗ್ಗಿದವು. "ಅಕ್ಕ ಹೋದ ದಾರಿಯಲ್ಲೇ ನಾವೂ!"

ಎಳೆಗೆ ಅಡ್ಡ ಹಾಯುವಷ್ಟರಲ್ಲಿ ಪಕ್ಕಕ್ಕೆ ತಿರುಗಿದವು. ಮತ್ತೆ ನುಗ್ಗಿದವು, ಮತ್ತೆ ತಿರುಗಿದವು. ಕೆಲವು ಬಲಕ್ಕೆ, ಕೆಲವು ಎಡಕ್ಕೆ. ತಿರುಗಿ ತಿರುಗಿ ಹೊರಟಲ್ಲಿಗೇ ಬಂದವು.

"ಯಾರದು, ನನ್ನನ್ನ ಬುಗುರಿ ಮಾಡಿದ್ದು?" ಎಂದು ಸಿಡುಕಿದ ರಭಸ. ಕಿಡಿಗಳಲ್ಲೆಲ್ಲ ತುಂಟ ಅವನು. "ಇನ್ನೂ ಜೋರಾಗಿ ಓಡಿದರೆ ದಾಟೇ ದಾಟುತ್ತೇನೆ!"

ಓಡಿದ. ದಾಟಲಿಲ್ಲ, ಆದರೆ ಅವನ ಸುತ್ತು ದೊಡ್ಡದಾಯಿತು. ಇನ್ನೂ ಜೋರಾಗಿ ಓಡಿದ. ಸುತ್ತು ಇನ್ನೂ ದೊಡ್ಡದಾಯಿತು. ಅದರ ಅಂಚು ಚಿಗುರಿನ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಎಲೆಯ ತುದಿ ಮುರುಟಿತು.

"ಅಮ್ಮಾ!" ಎಂದಿತು ಚಿಗುರು.

ಕಾಂತಮ್ಮ ದೇವರ ಹೆಸರು ಹೇಳಿ ಪಾಕವನ್ನು ರಪರಪನೆ ಕದಡಿದಳು. ಎಳೆಗಳು ಬಿಗಿಯಾದವು. ರಭಸನ ಓಟ ಒಂದಿಷ್ಟೂ ತಗ್ಗಲಿಲ್ಲ. ಸುತ್ತು ಮಾತ್ರ ಚಿಕ್ಕದಾಯಿತು, ಇನ್ನೂ ಚಿಕ್ಕದಾಯಿತು.

"ಅಲ್ಲವೋ ಮಗನೇ, ಗುಡಿಗೆ ಬಂದವರು ಸೀದಾ ಗರ್ಭಗುಡಿಗೆ ನುಗ್ಗುತ್ತಾರೇನೋ? ಪ್ರದಕ್ಷಿಣೆ ಹಾಕು."

"ಎಲ್ಲಿಯವರೆಗೆ?"

"ಈ ಎಳೆಯ ಗುಂಟ ಸುತ್ತುತ್ತಾ ಹೋಗು. ಉದ್ದಕ್ಕೆ ಹೋಗುವವರನ್ನ ನಾನು ತಿರುಗಿಸುವುದಿಲ್ಲ. ಎಳೆ ಇಳಿಯುವಲ್ಲಿ ನೀನೂ ಇಳಿ. ಅಲ್ಲಿ ಬರೀ ಹಿಮ. ಅಲ್ಲಿಂದಲೇ ಆರತಿ ಬೆಳಗು."

ರಭಸ ಮುಖ ಊದಿಸಿಕೊಂಡ. ಆಮೇಲೆ ಆ ಮುರುಟಿದ ಎಲೆ ಕಣ್ಣಿಗೆ ಬಿತ್ತು. ಎಳೆ ಹಿಡಿದು ಹೊರಟ, ಸುರುಳಿ ಸುರುಳಿಯಾಗಿ. ಅವನ ಹಿಂದೆ ಮಿಕ್ಕ ಕಿಡಿಗಳೂ ಹೊರಟವು. ಭೂಮಿಯ ತುದಿಯಲ್ಲಿ ಗಾಳಿಯ ಮೈ ತಾಗಿದ್ದೇ ತಡ, ಎಲ್ಲರೂ ಚಿಗುರಿನ ಹಸಿರಲ್ಲೇ ಬೆಳಗಿದರು.

ಅದಕ್ಕೇ ಮಗೂ, ನಮ್ಮ ಅಂಗಳದ ತುಳಸಿಯ ಮೇಲೆ ಬಿಸಿಲು ಇವತ್ತಿಗೂ ನೇರವಾಗಿ ಬೀಳುತ್ತದೆ. ಕಿಡಿಗಳು ಮಾತ್ರ ಸುತ್ತು ಹಾಕಿಕೊಂಡು ಹೋಗಿ ಹಿಮದ ನಾಡಿನ ಆಕಾಶದಲ್ಲಿ ಹಸಿರು ಆರತಿ ಎತ್ತುತ್ತವೆ. ನಿನ್ನ ಪುಸ್ತಕದ ಚಿತ್ರದ ಮೇಲೆ ಬೆರಳಿಟ್ಟು "ಇದೇನಜ್ಜಿ?" ಎಂದು ನೀನು ಕೇಳಿದ್ದು ಅದನ್ನೇ.