ಸೀಮೆಸುಣ್ಣದಲ್ಲಿ ಬರೆದ ಹೆಸರು

ಒಂದು ಸರ್ಕಾರಿ ಶಾಲೆಯಲ್ಲಿ ಶಿಕ್ಷಕರ ಹೆಸರಿನ ಹಲಗೆಯೊಂದಿತ್ತು. ಕಾಯಂ ಶಿಕ್ಷಕರ ಹೆಸರನ್ನು ಅದರ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು, ಅತಿಥಿ ಶಿಕ್ಷಕರದ್ದನ್ನು ಸೀಮೆಸುಣ್ಣದಲ್ಲಿ. ಮಾರ್ಚ್ ಬಂತೆಂದರೆ ಸೀಮೆಸುಣ್ಣದ ಹೆಸರನ್ನು ಡಸ್ಟರ್ ಒರೆಸಿಹಾಕುತ್ತಿತ್ತು.

ಒಂದು ಮಾರ್ಚಿನಲ್ಲಿ ಹಲಗೆ ಕೇಳಿತು: “ಏಳು ವರ್ಷದಲ್ಲಿ ಏಳು ಹೆಸರು ಒರೆಸಿದೆಯಲ್ಲ, ಅವೆಲ್ಲ ಎಲ್ಲಿ ಹೋದವು?”

“ನನ್ನ ಹೊಟ್ಟೆಯಲ್ಲಿವೆ. ಕಿವಿಗೊಟ್ಟು ಕೇಳು,” ಎಂದಿತು ಡಸ್ಟರ್.

ಒಳಗೆ ಏಳು ದನಿಗಳು ಒಟ್ಟಿಗೆ ಎರಡರ ಮಗ್ಗಿ ಹೇಳಿಕೊಡುತ್ತಿದ್ದವು. ಎರಡೈದ್ಲೆ ಹತ್ತಕ್ಕೆ ಬಂದು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದವು.

“ಯಾಕೆ ಮುಂದೆ ಹೋಗುವುದಿಲ್ಲ?” ಹಲಗೆ ಕೇಳಿತು.

“ಅಷ್ಟರಲ್ಲಿ ಮಾರ್ಚ್ ಬರುತ್ತದೆ.”

ಜೂನ್‌ನಲ್ಲಿ ನೀಲಗಂಗಾ ಎಂಬ ಹೊಸ ಅತಿಥಿ ಶಿಕ್ಷಕಿ ಬಂದರು. ಹೆಡ್‌ಮಾಸ್ಟರು ಅವರ ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಾಗಲೇ ಇಲಾಖೆಯಿಂದ ಒಂದು ಪೆಟ್ಟಿಗೆ ಬಂತು. ಮೇಲೆ ‘ಶಿಕ್ಷಕರನ್ನು ಉಳಿಸಿಕೊಳ್ಳುವ ಯೋಜನೆ’ ಎಂದು ಬರೆದಿತ್ತು.

“ಕೊನೆಗೂ ಬಣ್ಣ ಕಳಿಸಿದ್ದಾರೆ ಮೇಡಂ! ಇನ್ನು ನೀವು ಇಲ್ಲೇ ಇರ್ತೀರಿ,” ಎಂದರು ಹೆಡ್‌ಮಾಸ್ಟರು.

“ನಿಜಾನಾ ಸಾರ್?” ಎಂದು ನೀಲಗಂಗಾ ನಕ್ಕರು.

ಪೆಟ್ಟಿಗೆ ತೆರೆದರೆ ಒಳಗಿದ್ದದ್ದು ಹೊಸ ಡಸ್ಟರ್. ಹೆಡ್‌ಮಾಸ್ಟರು ಅದನ್ನು ಹಲಗೆಯ ಕೆಳಗಿಟ್ಟರು.

ಹಲಗೆ ಕಿವಿಗೊಟ್ಟಿತು. ಇನ್ನೂ ಒಂದಕ್ಷರವನ್ನೂ ಒರೆಸದ ಆ ಡಸ್ಟರಿನೊಳಗಿಂದ ನೀಲಗಂಗಾ ಅವರ ದನಿ ಕೇಳಿಸುತ್ತಿತ್ತು: “ಎರಡೊಂದ್ಲೆ ಎರಡು…”